ಶಾಲೆಯ ಮೈದಾನದಿಂದ ಒಲಿಂಪಿಕ್ಸ್‌ವರೆಗೆ: ಸಯ್ಯದ್ ಅಬ್ದುಲ್ ರಹೀಂ ಮೇಷ್ಟ್ರು

ನಮ್ಮ ಶಾಲೆಗಳಲ್ಲಿ ಪಿ.ಟಿ. ಮೇಷ್ಟ್ರೆಂದರೆ ಎಲ್ಲರಿಗೂ ಪರಿಚಿತರು. ಆದರೆ ಪಾಠ ಹೇಳುವ ಮೇಷ್ಟ್ರಿಗೆ ಸಿಗುವ ಗೌರವ ಅವರಿಗೆ ಸಿಗುವುದು ಕಡಿಮೆ. ಪರೀಕ್ಷೆ ಹತ್ತಿರ ಬಂದರೆ ಮೊದಲು ಹೋಗುವುದು ಆಟದ ಪೀರಿಯಡ್ಡೇ. ನಂಜನಗೂಡಾಗಲಿ, ತಿ. ನರಸೀಪುರವಾಗಲಿ, ಯಾವ ಊರಿನ ಶಾಲೆಯಾದರೂ ಈ ಮಾತು ಒಂದೇ. ಹೀಗಿರುವಾಗ, ವೃತ್ತಿಯಿಂದ ಶಾಲಾ ಶಿಕ್ಷಕರಾಗಿದ್ದು, ಆಟ ಕಲಿಸುವುದನ್ನೇ ತಮ್ಮ ಜೀವನದ ವಿದ್ಯೆಯನ್ನಾಗಿ ಮಾಡಿಕೊಂಡು, ಭಾರತದ ಫುಟ್‌ಬಾಲ್ ತಂಡವನ್ನು ಏಷ್ಯಾದ ಅಗ್ರಸ್ಥಾನಕ್ಕೆ ಏರಿಸಿದ ಒಬ್ಬ ಮಹನೀಯರ ಬದುಕನ್ನು ನಮ್ಮ ವಿದ್ಯಾರ್ಥಿಗಳು ತಿಳಿಯಬೇಕಾದುದು ಅವಶ್ಯ. ಅವರೇ ಹೈದರಾಬಾದಿನ ಸಯ್ಯದ್ ಅಬ್ದುಲ್ ರಹೀಂ. ಆಟಗಾರರೆಲ್ಲರ ಬಾಯಲ್ಲಿ ಅವರು ರಹೀಂ ಸಾಹೇಬರು.

ಬಾಲ್ಯ ಮತ್ತು ಶಿಕ್ಷಣ

ರಹೀಂ ಸಾಹೇಬರು ಜನಿಸಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಆಗ ಅದು ನಿಜಾಮರ ಸಂಸ್ಥಾನದ ರಾಜಧಾನಿ. ಇಂದು ಕರ್ನಾಟಕದಲ್ಲಿರುವ ಬೀದರ್, ಕಲಬುರಗಿ, ರಾಯಚೂರು ಪ್ರದೇಶಗಳೂ ಅದೇ ಸಂಸ್ಥಾನಕ್ಕೆ ಸೇರಿದ್ದವು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವನ್ನು ಶಿಕ್ಷಣ ಮಾಧ್ಯಮವಾಗಿ ಇಟ್ಟುಕೊಂಡು ದೇಶದ ಗಮನ ಸೆಳೆದಿತ್ತು. ರಹೀಂ ಸಾಹೇಬರು ಅಲ್ಲಿಯೇ ಬಿ.ಎ. ಪದವಿ ಪಡೆದರು. ಓದಿನಲ್ಲಿಯೂ ಆಟದಲ್ಲಿಯೂ ಅವರಿಗೆ ಸಮಾನ ಆಸಕ್ತಿ. ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದಲ್ಲಿ ಅವರು ಆಡಿದರು, ನಂತರ ನಗರದ ಕ್ಲಬ್ಬುಗಳಲ್ಲಿಯೂ ಆಡಿದರು.

ಪದವಿಯ ನಂತರ ಅವರು ಆರಿಸಿಕೊಂಡದ್ದು ಶಿಕ್ಷಕ ವೃತ್ತಿ. ಕಾಚಿಗುಡ ಮಾಧ್ಯಮಿಕ ಶಾಲೆ, ಉರ್ದು ಷರೀಫ್ ಶಾಲೆ, ದಾರುಲ್ ಉಲೂಮ್ ಪ್ರೌಢಶಾಲೆ, ಚಾದರ್‌ಘಾಟ್ ಪ್ರೌಢಶಾಲೆ, ಹೀಗೆ ಹೈದರಾಬಾದಿನ ಹಲವು ಶಾಲೆಗಳಲ್ಲಿ ಪಾಠ ಹೇಳಿದರು. ತರಗತಿಯ ಒಳಗಿನ ಪಾಠದಷ್ಟೇ ಹೊರಗಿನ ಆಟವೂ ಮಕ್ಕಳಿಗೆ ಬೇಕೆಂಬುದನ್ನು ಮನಗಂಡು, ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಪಡೆದು, ಶಾಲೆಯ ಕ್ರೀಡೆಗಳ ಹೊಣೆಯನ್ನೂ ಹೊತ್ತರು. ಮುಂದೆ ಅವರು ದೇಶದ ತಂಡಕ್ಕೆ ಕಲಿಸಿದ ವಿಧಾನವೆಲ್ಲ ಈ ಶಾಲಾ ಮೈದಾನಗಳಲ್ಲಿಯೇ ರೂಪುಗೊಂಡದ್ದು. ಯಾವ ಹುಡುಗನಿಗೆ ಏನು ಬರುವುದಿಲ್ಲವೋ ಅದನ್ನು ಮೊದಲು ಗುರುತಿಸಿ, ಬೈಯದೆ, ಅದೊಂದನ್ನೇ ಮತ್ತೆ ಮತ್ತೆ ಮಾಡಿಸಿ ಕಲಿಸುವುದು ಒಳ್ಳೆಯ ಮೇಷ್ಟ್ರ ಲಕ್ಷಣ. ರಹೀಂ ಸಾಹೇಬರು ಕಡೆಯವರೆಗೂ ಅಂತಹ ಮೇಷ್ಟ್ರಾಗಿಯೇ ಉಳಿದರು.

ಹೈದರಾಬಾದ್ ಪೊಲೀಸ್ ತಂಡ

1943ರಲ್ಲಿ ರಹೀಂ ಸಾಹೇಬರು ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ಸಾಯುವವರೆಗೂ ಆ ಹೊಣೆ ಅವರದೇ ಆಗಿತ್ತು. ಅಂದಿನ ಕಾಲದಲ್ಲಿ ಫುಟ್‌ಬಾಲ್ ಎಂದರೆ ಕಲ್ಕತ್ತ ಎಂಬ ಮಾತಿತ್ತು. ಆದರೂ ದಕ್ಷಿಣ ಭಾರತವೇನೂ ಹಿಂದೆ ಬಿದ್ದಿರಲಿಲ್ಲ. ಮುಂಬಯಿಯ ಪ್ರಸಿದ್ಧ ರೋವರ್ಸ್ ಕಪ್ಪನ್ನು ಬ್ರಿಟಿಷ್ ಸೈನಿಕ ತಂಡಗಳ ಕೈಯಿಂದ ಮೊದಲು ಕಿತ್ತುಕೊಂಡ ಭಾರತೀಯ ತಂಡ ನಮ್ಮ ಬೆಂಗಳೂರು ಮುಸ್ಲಿಮ್ಸ್. 1937 ಮತ್ತು 1938ರಲ್ಲಿ ಸತತ ಎರಡು ಬಾರಿ ಅದು ಆ ಕಪ್ ಗೆದ್ದಿತು ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಹೆಮ್ಮೆಯಿಂದ ನೆನೆಯಬಹುದು.

1950ರಲ್ಲಿ ರಹೀಂ ಸಾಹೇಬರು ಹೈದರಾಬಾದ್ ನಗರ ಪೊಲೀಸ್ ತಂಡದ ತರಬೇತಿಯ ಹೊಣೆ ವಹಿಸಿಕೊಂಡರು. ಅದೇ ವರ್ಷ ಆ ತಂಡ ರೋವರ್ಸ್ ಕಪ್ ಗೆದ್ದಿತು. ಅಲ್ಲಿಂದ 1954ರವರೆಗೆ ಸತತ ಐದು ವರ್ಷ ಆ ಕಪ್ಪು ಹೈದರಾಬಾದ್ ಬಿಟ್ಟು ಹೋಗಲಿಲ್ಲ. ದೆಹಲಿಯ ಡ್ಯುರಾಂಡ್ ಕಪ್ಪನ್ನೂ ಅವರ ತಂಡ ಹಲವು ಬಾರಿ ಗೆದ್ದುಕೊಂಡಿತು. ರಾಜ್ಯಗಳ ನಡುವಣ ಸಂತೋಷ್ ಟ್ರೋಫಿಯನ್ನು 1956-57 ಮತ್ತು 1957-58ರಲ್ಲಿ ಹೈದರಾಬಾದ್ ತನ್ನದಾಗಿಸಿಕೊಂಡಿತು. ಕಲ್ಕತ್ತದ ದೊಡ್ಡ ಕ್ಲಬ್ಬುಗಳಿಗಿದ್ದ ಹಣಬಲವಾಗಲಿ ಅಭಿಮಾನಿಗಳ ಬಲವಾಗಲಿ ಹೈದರಾಬಾದಿನ ಪೊಲೀಸ್ ಪೇದೆಗಳ ಆ ತಂಡಕ್ಕೆ ಇರಲಿಲ್ಲ. ಇದ್ದದ್ದು ಒಬ್ಬ ಮೇಷ್ಟ್ರು ಮತ್ತು ಅವರು ಹಾಕಿಕೊಟ್ಟ ಶಿಸ್ತು.

ಕಲಿಸುವ ವಿಧಾನ

ಅಂದಿನ ನಮ್ಮ ಆಟಗಾರರಲ್ಲಿ ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ಒಬ್ಬರೇ ನಾಲ್ಕು ಜನರನ್ನು ದಾಟಿಸಿಕೊಂಡು ಹೋಗುವ ಚಳಕ ಧಾರಾಳವಾಗಿತ್ತು. ಇದಕ್ಕೆ ಡ್ರಿಬ್ಲಿಂಗ್ ಎನ್ನುತ್ತಾರೆ. ಜನ ಚಪ್ಪಾಳೆ ತಟ್ಟುತ್ತಿದ್ದುದೂ ಅದಕ್ಕೇ. ಆದರೆ ಒಬ್ಬನೇ ಎಷ್ಟು ಓಡಿದರೂ ಚೆಂಡಿನಷ್ಟು ವೇಗವಾಗಿ ಓಡಲಾರ. ಚೆಂಡನ್ನು ಜೊತೆಗಾರನಿಗೆ ದಾಟಿಸಿದರೆ ಅದು ತಾನೇ ಓಡುತ್ತದೆ. ಈ ಸರಳ ಸತ್ಯವನ್ನು ಉಪನ್ಯಾಸ ಕೊಟ್ಟು ಹೇಳಿದರೆ ಹುಡುಗರು ಕೇಳುವುದಿಲ್ಲವೆಂದು ರಹೀಂ ಸಾಹೇಬರಿಗೆ ಗೊತ್ತಿತ್ತು. ಅದಕ್ಕಾಗಿ ಅವರು ಡ್ರಿಬ್ಲಿಂಗ್ ಮಾಡಲೇಬಾರದೆಂಬ ನಿಯಮದ ಪಂದ್ಯಾವಳಿಗಳನ್ನು ಏರ್ಪಡಿಸಿದರು. ಚೆಂಡು ಬಂದ ಕೂಡಲೇ ಪಾಸ್ ಮಾಡದೆ ಬೇರೆ ದಾರಿಯೇ ಇರುತ್ತಿರಲಿಲ್ಲ.

ಹಾಗೆಯೇ ಹೆಚ್ಚಿನವರಿಗೆ ಬಲಗಾಲೇ ಗತಿ. ಎಡಗಾಲಿಗೆ ಚೆಂಡು ಬಂದರೆ ಅದನ್ನು ಬಲಗಾಲಿಗೆ ತಂದುಕೊಳ್ಳುವಷ್ಟರಲ್ಲಿ ಎದುರಾಳಿ ಬಂದುಬಿಡುತ್ತಿದ್ದ. ಇದಕ್ಕೆ ಅವರ ಔಷಧಿ, ಅಭ್ಯಾಸವಿಲ್ಲದ ಕಾಲಿನಿಂದ ಮಾತ್ರ ಆಡಬೇಕಾದ ಪಂದ್ಯಗಳು. ಗಿಡ್ಡ ಹುಡುಗರಿಗೂ ಅವಕಾಶ ಸಿಗಲೆಂದು ಎತ್ತರದ ಮಿತಿ ಹಾಕಿ ಅವರಿಗಾಗಿಯೇ ಪಂದ್ಯಾವಳಿ ನಡೆಸಿದರು. ಹುಡುಗರಿಗೆ ಇದೆಲ್ಲ ಆಟವೇ. ಆದರೆ ಮೇಷ್ಟ್ರ ದೃಷ್ಟಿಯಲ್ಲಿ ಪ್ರತಿಯೊಂದೂ ಒಂದೊಂದು ಪಾಠ. ಕೊರತೆಯನ್ನೇ ಪಠ್ಯವನ್ನಾಗಿ ಮಾಡಿದ ಈ ಕ್ರಮವನ್ನು ಗಣಿತ ಕಲಿಸುವ ಶಿಕ್ಷಕರೂ ಗಮನಿಸಬೇಕು.

ಪ್ರತಿಭೆಯಿದ್ದ ಬಡ ಹುಡುಗರನ್ನು ಹುಡುಕಿ ತರುವುದರಲ್ಲಿಯೂ ಅವರದು ಎತ್ತಿದ ಕೈ. ಸಿಕಂದರಾಬಾದ್ ಬಳಿಯ ಅಮ್ಮುಗುಡ ಎಂಬ ಹಳ್ಳಿಯ ತುಳಸೀದಾಸ್ ಬಲರಾಂ ಎಂಬ ಹುಡುಗನ ಆಟ ಅವರ ಕಣ್ಣಿಗೆ ಬಿತ್ತು. ಹೈದರಾಬಾದಿಗೆ ದಿನವೂ ಅಭ್ಯಾಸಕ್ಕೆ ಬರಲು ಹುಡುಗನ ಬಳಿ ಹಣವಿರಲಿಲ್ಲ. ಬಾಡಿಗೆ ಸೈಕಲ್ಲಿನ ಖರ್ಚನ್ನು ರಹೀಂ ಸಾಹೇಬರೇ ಕೊಟ್ಟರು. ಆ ಬಲರಾಂ ಮುಂದೆ ಎರಡು ಒಲಿಂಪಿಕ್ಸ್‌ಗಳಲ್ಲಿ ಆಡಿ ಭಾರತದ ಶ್ರೇಷ್ಠ ಮುನ್ನಡೆ ಆಟಗಾರರಲ್ಲಿ ಒಬ್ಬರಾದರು. ಸೈಕಲ್ ಬಾಡಿಗೆಯಷ್ಟು ಹಣಕ್ಕಾಗಿ ಎಷ್ಟು ಪ್ರತಿಭೆಗಳು ಮನೆಯಲ್ಲಿಯೇ ಉಳಿದುಹೋಗುತ್ತವೆ ಎಂಬುದನ್ನು ಯೋಚಿಸಿದರೆ ಈ ಸಹಾಯದ ಬೆಲೆ ತಿಳಿಯುತ್ತದೆ.

ಮೊದಲ ಚಿನ್ನ, ನಂತರ ಕಹಿ ಸೋಲು

1951ರಲ್ಲಿ ದೆಹಲಿಯಲ್ಲಿ ಮೊಟ್ಟಮೊದಲ ಏಷ್ಯನ್ ಕ್ರೀಡಾಕೂಟ ನಡೆಯಿತು. ಭಾರತ ತಂಡದ ತರಬೇತುದಾರರಾಗಿ ರಹೀಂ ಸಾಹೇಬರು ನೇಮಕವಾದರು. ಶೈಲೇನ್ ಮನ್ನಾ ನಾಯಕರು. ಇಂಡೋನೇಷ್ಯಾ ಮತ್ತು ಅಫ್ಘಾನಿಸ್ತಾನಗಳನ್ನು ಸೋಲಿಸಿದ ಭಾರತ, ಫೈನಲ್‌ನಲ್ಲಿ ಇರಾನ್ ತಂಡವನ್ನು ಸಾಹು ಮೇವಾಲಾಲ್ ಅವರ ಗೋಲಿನಿಂದ 1-0ಯಿಂದ ಮಣಿಸಿ ಚಿನ್ನ ಗೆದ್ದಿತು. ಸ್ವಾತಂತ್ರ್ಯ ಬಂದು ನಾಲ್ಕು ವರ್ಷವೂ ತುಂಬಿರದ ದೇಶಕ್ಕೆ ಅದು ದೊಡ್ಡ ಸಂಭ್ರಮ.

ಆ ಸಂಭ್ರಮ ಹೆಚ್ಚು ದಿನ ಉಳಿಯಲಿಲ್ಲ. ಮರುವರ್ಷ, 1952ರಲ್ಲಿ, ಫಿನ್ಲೆಂಡಿನ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ತಂಡ ಭಾರತವನ್ನು 10-1ರಿಂದ ಸೋಲಿಸಿತು. ಭಾರತದ ಆ ಒಂದೇ ಗೋಲು ಹೊಡೆದವರು ನಮ್ಮ ಬೆಂಗಳೂರಿನ ಅಹ್ಮದ್ ಖಾನ್. ನಮ್ಮ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡುತ್ತಿದ್ದರು. ನಮ್ಮ ಒಣ ಮೈದಾನಗಳಲ್ಲಿ ಬರಿಗಾಲು ಚೆಂಡಿನ ಮೇಲೆ ಒಳ್ಳೆಯ ಹಿಡಿತ ಕೊಡುತ್ತಿತ್ತು. ಯೂರೋಪಿನ ಚಳಿಯಲ್ಲಿ, ಜಾರುವ ಹುಲ್ಲಿನ ಮೇಲೆ, ಬೂಟು ಹಾಕಿದ ಎದುರಾಳಿಗಳ ಮುಂದೆ ಅದು ನಡೆಯಲಿಲ್ಲ. ಅಲ್ಲದೆ ನಮ್ಮ ದೇಶದ ಪಂದ್ಯಗಳು 90 ನಿಮಿಷಕ್ಕಿಂತ ಕಡಿಮೆ ಅವಧಿಯವು. ಪೂರ್ಣಾವಧಿ ಓಡುವ ದಮ್ಮು ನಮ್ಮವರಿಗೆ ಸಾಲದಾಯಿತು.

ಸೋಲಿಗೆ ನೆಪ ಹೇಳಿ ಕೈ ತೊಳೆದುಕೊಳ್ಳಬಹುದಾಗಿತ್ತು. ಆದರೆ ಆ ಸೋಲು ಕಣ್ಣು ತೆರೆಸಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಬೂಟು ಧರಿಸುವುದನ್ನು ಕಡ್ಡಾಯ ಮಾಡಿತು. ರಹೀಂ ಸಾಹೇಬರು ಹೊಸದಾಗಿ ಅಧ್ಯಯನಕ್ಕೆ ಕುಳಿತರು. ಆಗ ಜಗತ್ತಿನಲ್ಲಿ ಹಂಗೇರಿ ತಂಡದ ಹೆಸರು ಮೊಳಗುತ್ತಿತ್ತು. ಅದರ ಸೆಂಟರ್ ಫಾರ್ವರ್ಡ್ ಆಟಗಾರ ಎಲ್ಲರಂತೆ ಎದುರಾಳಿಯ ಗೋಲಿನ ಮುಂದೆ ನಿಲ್ಲದೆ ಹಿಂದಕ್ಕೆ ಸರಿದು ಆಡುತ್ತಿದ್ದ. ಅವನನ್ನು ಕಾಯಬೇಕಾದ ಎದುರಾಳಿ ಹಿಂಬಾಲಿಸಿ ಬಂದರೆ ಅವನ ಜಾಗ ಖಾಲಿಯಾಗುತ್ತಿತ್ತು. ಬರದಿದ್ದರೆ ಆ ಆಟಗಾರ ನಿರಾಯಾಸವಾಗಿ ಆಟವನ್ನು ನಡೆಸುತ್ತಿದ್ದ. 1953ರಲ್ಲಿ ಇಂಗ್ಲೆಂಡನ್ನು ಅದರ ನೆಲದಲ್ಲೇ ಹಂಗೇರಿ 6-3ರಿಂದ ಸೋಲಿಸಿದ್ದು ಇದೇ ತಂತ್ರದಿಂದ. ಆ ತಂತ್ರವನ್ನು ರಹೀಂ ಸಾಹೇಬರು ನಮ್ಮ ಆಟಗಾರರಿಗೆ ಒಗ್ಗುವಂತೆ ಅಳವಡಿಸಿಕೊಂಡರು. 4-2-4 ಎಂಬ ಆಟದ ವ್ಯೂಹ 1958ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ಗೆದ್ದ ನಂತರ ಜಗತ್ಪ್ರಸಿದ್ಧವಾಯಿತು. ಅದಕ್ಕೆ ಹತ್ತಿರವಾದ ಆಟವನ್ನು ರಹೀಂ ಸಾಹೇಬರ ಹುಡುಗರು ಅದಕ್ಕೂ ಮೊದಲೇ ಆಡುತ್ತಿದ್ದರು.

ಮೆಲ್ಬರ್ನ್‌ನ ಸಾಧನೆ

ನಾಲ್ಕೇ ವರ್ಷದಲ್ಲಿ ಫಲ ಕಾಣಿಸಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ಸಮರ್ ಬ್ಯಾನರ್ಜಿ ನಾಯಕತ್ವದ ತಂಡವನ್ನು ರಹೀಂ ಸಾಹೇಬರು ಕರೆದೊಯ್ದರು. ತಂಡದಲ್ಲಿ ಹೈದರಾಬಾದಿನ ಹುಡುಗರು ಹಲವರಿದ್ದರು. ಮೈಸೂರು ರಾಜ್ಯದ ಎಂ. ಕೆಂಪಯ್ಯನವರೂ ಇದ್ದರು. ಆ ವರ್ಷದ ನವೆಂಬರ್ 1ರಂದಷ್ಟೇ ಭಾಷಾವಾರು ರಾಜ್ಯಗಳಾಗಿ, ಹಳೆಯ ಹೈದರಾಬಾದ್ ರಾಜ್ಯ ಹಂಚಿಹೋಗಿ, ಅದರ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದ್ದವು.

ಹಂಗೇರಿ ಹಿಂದೆ ಸರಿದುದರಿಂದ ಭಾರತ ಮೊದಲ ಸುತ್ತು ದಾಟಿತು. ಮುಂದೆ ಆತಿಥೇಯ ಆಸ್ಟ್ರೇಲಿಯಾ ತಂಡವನ್ನು 4-2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಮೂರು ಗೋಲು ಹೊಡೆದು, ಒಲಿಂಪಿಕ್ ಫುಟ್‌ಬಾಲ್‌ನಲ್ಲಿ ಹ್ಯಾಟ್ರಿಕ್ ಸಾಧಿಸಿದ ಮೊದಲ ಏಷ್ಯನ್ ಆಟಗಾರರಾದರು. ಒಲಿಂಪಿಕ್ ಫುಟ್‌ಬಾಲ್‌ನ ಸೆಮಿಫೈನಲ್ ತಲುಪಿದ ಮೊದಲ ಏಷ್ಯನ್ ತಂಡವೆಂಬ ಕೀರ್ತಿ ಭಾರತದ್ದಾಯಿತು. ಸೆಮಿಫೈನಲ್‌ನಲ್ಲಿ ಎದುರಾದದ್ದು ಅದೇ ಯುಗೊಸ್ಲಾವಿಯಾ. ನಾಲ್ಕು ವರ್ಷದ ಹಿಂದೆ 10 ಗೋಲು ಹೊಡೆದಿದ್ದ ತಂಡದ ವಿರುದ್ಧ ಮೊದಲು ಗೋಲು ಹೊಡೆದು ಮುಂದಿದ್ದದ್ದು ಭಾರತ. ಕೊನೆಗೆ 4-1ರಿಂದ ಸೋತಿತು. ಕಂಚಿಗಾಗಿ ನಡೆದ ಪಂದ್ಯದಲ್ಲಿ ಬಲ್ಗೇರಿಯಾ 3-0ಯಿಂದ ಗೆದ್ದು, ಭಾರತ ನಾಲ್ಕನೆಯ ಸ್ಥಾನ ಪಡೆಯಿತು. ಪದಕ ಬರಲಿಲ್ಲ ನಿಜ. ಆದರೆ ಅಷ್ಟು ಎತ್ತರಕ್ಕೆ ನಮ್ಮ ಫುಟ್‌ಬಾಲ್ ತಂಡ ಒಲಿಂಪಿಕ್ಸ್‌ನಲ್ಲಿ ಮತ್ತೆಂದೂ ಏರಲಿಲ್ಲ.

1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಪಿ.ಕೆ. ಬ್ಯಾನರ್ಜಿ ನಾಯಕತ್ವದ ತಂಡ ಹಂಗೇರಿಗೆ 2-1ರಿಂದ ಮಣಿದು, ಫ್ರಾನ್ಸ್ ವಿರುದ್ಧ 1-1 ಡ್ರಾ ಮಾಡಿಕೊಂಡು, ಪೆರುವಿಗೆ 3-1ರಿಂದ ಸೋತಿತು. ಮುಂದಿನ ಸುತ್ತಿಗೆ ಹೋಗಲಾಗದಿದ್ದರೂ ಜಗತ್ತಿನ ಬಲಿಷ್ಠ ತಂಡಗಳಿಗೆ ಸರಿಸಮನಾಗಿ ನಿಂತದ್ದು ಸಣ್ಣ ಮಾತಲ್ಲ. ಒಲಿಂಪಿಕ್ ಫುಟ್‌ಬಾಲ್‌ನಲ್ಲಿ ಭಾರತ ಆಡಿದ ಕೊನೆಯ ಕೂಟವೂ ಅದೇ.

ಜಕಾರ್ತ: ಕೊನೆಯ ಪಾಠ

1962ರ ಏಷ್ಯನ್ ಕ್ರೀಡಾಕೂಟ ಇಂಡೋನೇಷ್ಯಾದ ಜಕಾರ್ತದಲ್ಲಿ. ಆ ಹೊತ್ತಿಗೆ ರಹೀಂ ಸಾಹೇಬರಿಗೆ ಶ್ವಾಸಕೋಶದ ಕ್ಯಾನ್ಸರ್ ಅಂಟಿಕೊಂಡಿತ್ತು. ದೇಹ ಸೊರಗುತ್ತಿದ್ದರೂ ಅವರು ತಂಡದ ಜೊತೆ ಹೊರಟರು. ಚುನಿ ಗೋಸ್ವಾಮಿ ನಾಯಕರು. ಪಿ.ಕೆ. ಬ್ಯಾನರ್ಜಿ, ಬಲರಾಂ, ಪಂಜಾಬಿನ ಜರ್ನೈಲ್ ಸಿಂಗ್, ಪೀಟರ್ ತಂಗರಾಜ್, ಹೈದರಾಬಾದಿನ ಯೂಸುಫ್ ಖಾನ್, ಬೆಂಗಳೂರಿನ ಅರುಮೈನಾಯಗಂ ಮುಂತಾದವರು ತಂಡದಲ್ಲಿದ್ದರು. ಹಿಂದೂ, ಮುಸ್ಲಿಂ, ಸಿಖ್, ಕ್ರೈಸ್ತ ಎನ್ನದೆ, ಬಂಗಾಳಿ, ತಮಿಳ, ಪಂಜಾಬಿ ಎನ್ನದೆ ಎಲ್ಲರೂ ಒಬ್ಬ ಮೇಷ್ಟ್ರ ಮಾತಿಗೆ ಕಿವಿಗೊಟ್ಟ ತಂಡ ಅದು.

ಆರಂಭವೇ ಸರಿಯಿರಲಿಲ್ಲ. ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯಾ 2-0ಯಿಂದ ಸೋಲಿಸಿತು. ನಂತರ ಥಾಯ್ಲೆಂಡ್ ಮೇಲೆ 4-1, ಜಪಾನ್ ಮೇಲೆ 2-0 ಗೆಲುವು ಸಿಕ್ಕಿ ತಂಡ ಚೇತರಿಸಿಕೊಂಡಿತು. ಆದರೆ ಥಾಯ್ಲೆಂಡ್ ಪಂದ್ಯದಲ್ಲಿ ರಕ್ಷಣಾ ಆಟಗಾರ ಜರ್ನೈಲ್ ಸಿಂಗರ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಬೇಕಾಯಿತು. ಹೊಲಿಗೆ ಬಿದ್ದ ತಲೆಯಲ್ಲಿ ಹಿಂದೆ ನಿಂತು ಚೆಂಡು ತಡೆಯುವುದು ಕಷ್ಟ. ಬೇರೆ ಯಾರಾದರೂ ಆಗಿದ್ದರೆ ಅವರನ್ನು ಕೂರಿಸಿಬಿಡುತ್ತಿದ್ದರು. ರಹೀಂ ಸಾಹೇಬರು ಅವರನ್ನು ಮುಂದಿನ ಸಾಲಿಗೆ ತಂದು ಸೆಂಟರ್ ಫಾರ್ವರ್ಡ್ ಮಾಡಿದರು. ಜರ್ನೈಲ್ ಮೊದಲು ಆ ಸ್ಥಾನದಲ್ಲಿಯೂ ಆಡಿದ್ದವರೆಂಬುದು ಅವರಿಗೆ ನೆನಪಿತ್ತು. ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ವಿರುದ್ಧ ಭಾರತ 3-2ರಿಂದ ಗೆದ್ದಾಗ ಜರ್ನೈಲ್ ಕೂಡ ಗೋಲು ಹೊಡೆದರು.

ಮೈದಾನದ ಹೊರಗೆ ಇನ್ನೊಂದು ಸಂಕಟ ಕಾದಿತ್ತು. ಇಸ್ರೇಲ್ ಮತ್ತು ತೈವಾನ್ ದೇಶಗಳನ್ನು ಕೂಟದಿಂದ ಹೊರಗಿಟ್ಟಿದ್ದಕ್ಕೆ ಭಾರತದ ಕ್ರೀಡಾ ಆಡಳಿತಗಾರ ಜಿ.ಡಿ. ಸೋಂಧಿಯವರು ಆಕ್ಷೇಪ ಎತ್ತಿ, ಇದನ್ನು ಏಷ್ಯನ್ ಕ್ರೀಡಾಕೂಟವೆಂದು ಕರೆಯಲಾಗದು ಎಂಬ ನಿಲುವು ತಾಳಿದ್ದರು. ಇದರಿಂದ ಜಕಾರ್ತದ ಜನ ಕೆರಳಿ, ಭಾರತದ ರಾಯಭಾರ ಕಚೇರಿಯ ಮೇಲೆ ದಾಳಿಯೂ ನಡೆಯಿತು. ಫೈನಲ್ ನಡೆದ ಸೆಪ್ಟೆಂಬರ್ 4ರಂದು ಸುಮಾರು ಒಂದು ಲಕ್ಷ ಜನ ಕ್ರೀಡಾಂಗಣದಲ್ಲಿ ತುಂಬಿದ್ದರು. ಅವರೆಲ್ಲ ಭಾರತದ ವಿರುದ್ಧ ಕೂಗುತ್ತಿದ್ದರು. ನಮ್ಮ ರಾಷ್ಟ್ರಗೀತೆಯೂ ಆ ಗದ್ದಲದಲ್ಲಿ ಮುಳುಗಿತು. ಆ ಜನಸಾಗರದಲ್ಲಿ ನಮ್ಮವರನ್ನು ಹುರಿದುಂಬಿಸಿದ ಕೆಲವರಲ್ಲಿ ಪಾಕಿಸ್ತಾನದ ಹಾಕಿ ಆಟಗಾರರೂ ಇದ್ದರೆಂದು ನಮ್ಮ ಆಟಗಾರರು ಬಹುಕಾಲ ನೆನೆಯುತ್ತಿದ್ದರು.

ಫೈನಲ್‌ಗೆ ಮೊದಲು ರಹೀಂ ಸಾಹೇಬರು ತಮ್ಮ ಹುಡುಗರನ್ನು ಕೂರಿಸಿಕೊಂಡು, ತಮಗೊಂದು ಕಾಣಿಕೆ ಬೇಕು, ಅದು ಆ ಚಿನ್ನದ ಪದಕ ಎಂದು ಕೇಳಿದ್ದರು. ಎದುರಾಳಿ ಮತ್ತೆ ಅದೇ ದಕ್ಷಿಣ ಕೊರಿಯಾ. ಜ್ವರದಿಂದ ಎದ್ದು ಬಂದ ತಂಗರಾಜ್ ಗೋಲು ಕಾಯಲು ನಿಂತರು. 17ನೆಯ ನಿಮಿಷದಲ್ಲಿ ಪಿ.ಕೆ. ಬ್ಯಾನರ್ಜಿ, ಅದಾದ ಕೆಲವೇ ನಿಮಿಷಗಳಲ್ಲಿ ಹೊಲಿಗೆ ಹಾಕಿದ ತಲೆಯ ಜರ್ನೈಲ್ ಸಿಂಗ್ ಗೋಲು ಹೊಡೆದರು. ಕೊರಿಯಾ ಆಟ ಮುಗಿಯುವ ಹೊತ್ತಿಗೆ ಒಂದು ಗೋಲು ತೀರಿಸಿದರೂ ಭಾರತ 2-1ರಿಂದ ಗೆದ್ದಿತು. ಮೇಷ್ಟ್ರು ಕೇಳಿದ ಕಾಣಿಕೆ ಸಂದಾಯವಾಯಿತು.

ನಿಧನ ಮತ್ತು ನಂತರ

ಒಂಬತ್ತು ತಿಂಗಳ ನಂತರ, 1963ರ ಜೂನ್ 11ರಂದು, ರಹೀಂ ಸಾಹೇಬರು ತೀರಿಕೊಂಡರು. ಅವರಿಗಿನ್ನೂ 53 ವರ್ಷ. ಅಂದಿನಿಂದ ಇಂದಿನವರೆಗೆ ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್‌ನಲ್ಲಿ ಭಾರತಕ್ಕೆ ಮತ್ತೊಂದು ಚಿನ್ನ ಬಂದಿಲ್ಲ. 1970ರಲ್ಲಿ ಬ್ಯಾಂಕಾಕ್‌ನಲ್ಲಿ ಬಂದ ಕಂಚೇ ಕೊನೆಯ ಪದಕ. ಆ ತಂಡಕ್ಕೆ ತರಬೇತಿ ಕೊಟ್ಟವರಲ್ಲಿ ಒಬ್ಬರು ರಹೀಂ ಸಾಹೇಬರ ಶಿಷ್ಯ ಪಿ.ಕೆ. ಬ್ಯಾನರ್ಜಿ. ಗುರು ಹೋದ ಮೇಲೂ ಪಾಠ ಸ್ವಲ್ಪ ಕಾಲ ಉಳಿದಿತ್ತು ಎನ್ನಬೇಕು.

ತರಬೇತುದಾರರಿಗಾಗಿ ಸರ್ಕಾರ ದ್ರೋಣಾಚಾರ್ಯ ಪ್ರಶಸ್ತಿ ಆರಂಭಿಸಿದ್ದು 1985ರಲ್ಲಿ. ಅಷ್ಟರಲ್ಲಿ ರಹೀಂ ಸಾಹೇಬರು ಹೋಗಿ 22 ವರ್ಷಗಳಾಗಿದ್ದವು. ಹೊಸ ಪೀಳಿಗೆ ಅವರ ಹೆಸರನ್ನೇ ಮರೆತಿತ್ತು. 2024ರಲ್ಲಿ ಅವರ ಜೀವನವನ್ನು ಆಧರಿಸಿದ ಮೈದಾನ್ ಎಂಬ ಹಿಂದಿ ಚಲನಚಿತ್ರ ಬಂದ ಮೇಲೆ ಅನೇಕರಿಗೆ ಅವರ ಪರಿಚಯವಾಯಿತು. ಅವರ ಮಗ ಸಯ್ಯದ್ ಶಾಹಿದ್ ಹಕೀಂ ಅವರೂ ರೋಮ್ ಒಲಿಂಪಿಕ್ಸ್ ತಂಡದಲ್ಲಿದ್ದವರು. ವಾಯುಪಡೆಯಲ್ಲಿ ಸೇವೆ ಸಲ್ಲಿಸಿ, ಅಂತರರಾಷ್ಟ್ರೀಯ ರೆಫರಿಯಾಗಿ, ತರಬೇತುದಾರರಾಗಿ ದುಡಿದು, 2017ರ ಧ್ಯಾನ್‌ಚಂದ್ ಪ್ರಶಸ್ತಿ ಪಡೆದ ಅವರು 2021ರ ಆಗಸ್ಟ್‌ನಲ್ಲಿ ನಮ್ಮ ಕಲಬುರಗಿಯಲ್ಲಿ ನಿಧನರಾದರು.

ರಹೀಂ ಸಾಹೇಬರ ಬದುಕಿನಿಂದ ನಾವು ಕಲಿಯಬೇಕಾದುದೇನು? ವಿದ್ಯಾರ್ಥಿಗಳಿಗೆ ಹೇಳುವುದಾದರೆ, 10-1ರ ಸೋಲು ಮತ್ತು ನಾಲ್ಕನೆಯ ಸ್ಥಾನದ ನಡುವೆ ಇದ್ದದ್ದು ನಾಲ್ಕೇ ವರ್ಷ. ಪರೀಕ್ಷೆಯಲ್ಲಿ ಒಮ್ಮೆ ಫೇಲಾದವರು ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಬೇಕು. ಬರದ ಎಡಗಾಲನ್ನು ಅಡಗಿಸಿಡದೆ ಅದರಿಂದಲೇ ಆಡಿ ಕಲಿಯಬೇಕು. ಪೋಷಕರಿಗೂ ಸಂಘದ ಸದಸ್ಯರಿಗೂ ಹೇಳುವುದಾದರೆ, ಬಾಡಿಗೆ ಸೈಕಲ್ಲಿನ ಹಣದಷ್ಟು ಸಣ್ಣ ನೆರವು ಸಕಾಲದಲ್ಲಿ ಸಿಕ್ಕಿದರೆ ಒಬ್ಬ ಹುಡುಗನೋ ಹುಡುಗಿಯೋ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಅಮ್ಮುಗುಡದ ಬಲರಾಂ ಸಾಕ್ಷಿ. ನಂಜನಗೂಡಿನ ಕಪಿಲೆಯ ದಡದಲ್ಲಾಗಲಿ, ತಿ. ನರಸೀಪುರದ ಸಂಗಮದ ಬಳಿಯಾಗಲಿ, ಸಂಜೆ ಹೊತ್ತು ಚೆಂಡು ಒದೆಯುವ ಮಕ್ಕಳಿಗೇನೂ ಬರವಿಲ್ಲ. ಅವರನ್ನು ನಿಂತು ನೋಡುವ ಮೇಷ್ಟ್ರು ಬೇಕು. ಮುಂದಿನ ಸಲ ಪರೀಕ್ಷೆಯ ಹೆಸರಿನಲ್ಲಿ ಆಟದ ಪೀರಿಯಡ್ಡನ್ನು ತೆಗೆದುಹಾಕುವ ಮೊದಲು, ಚಾದರ್‌ಘಾಟ್ ಶಾಲೆಯ ಆ ಮೇಷ್ಟ್ರನ್ನು ಒಮ್ಮೆ ನೆನೆಯೋಣ.